ರೇಡಿಯೋ ತರಂಗವೂ ನಮ್ಮ ವಿಜ್ಞಾನ ಶಿಕ್ಷಣವೂ

ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣವು ಉದ್ಘಾಟನೆಗೊಂಡ ಮೇಲೆ ಆಗಸದತ್ತ ಮುಖವೆತ್ತಿ ನಿಲ್ಲುವ ಮಕ್ಕಳು ಅಲ್ಲಿ ಹೆಚ್ಚಿರಬೇಕು. ವಿಮಾನ ಚಾಲಕನು ನೆಲದವರೊಡನೆ ಆಡುವ ಮಾತು ಸೆಕೆಂಡಿಗೆ 11.8 ಕೋಟಿಯಿಂದ 13.7 ಕೋಟಿ ಸಲ ಕಂಪಿಸುವ ರೇಡಿಯೋ ತರಂಗವನ್ನೇರಿ ಬರುತ್ತದೆಂದು ಅವರಿಗೆ ತಿಳಿಸುವವರೆಷ್ಟು ಮಂದಿ? ಅದೇ ಜಾತಿಯ ತರಂಗವು ಇಂದು ಕ್ವಾಂಟಂ ಪ್ರಯೋಗಶಾಲೆಗಳಲ್ಲಿ ಒಂಟಿ ಪರಮಾಣುವನ್ನು ಹಿಡಿದು ನಡೆಸುವ ಲಗಾಮಾಗಿದೆ.

ಕ್ವಾಂಟಂ ಎಂದೊಡನೆ ಅದು ಗಣಿತ ಪಂಡಿತರ ಸೊತ್ತೆಂದು ಕೈಮುಗಿದು ದೂರ ಸರಿಯುವ ವಾಡಿಕೆಯುಂಟು. ಇದು ಸರಿಯಲ್ಲ. ಪರಮಾಣುವಿನ ಮೇಲೆ ಬೀಳಬೇಕಾದ ಲೇಸರ್ ಕಿರಣವನ್ನು ಒಂದು ಹರಳಿನೊಳಗಿಂದ ಹಾಯಿಸುತ್ತಾರೆ. ಹರಳಿಗೆ ಸೆಕೆಂಡಿಗೆ 8 ಕೋಟಿ ಕಂಪನಗಳ ವಿದ್ಯುತ್ ಸಂಕೇತವನ್ನು ಕೊಟ್ಟರೆ ಅದರಲ್ಲಿ ಅಷ್ಟೇ ಕಂಪನದ ಶಬ್ದತರಂಗವೆದ್ದು ಬೆಳಕು ಪಕ್ಕಕ್ಕೆ ಬಾಗುತ್ತದೆ. ಅದರ ಆವರ್ತಾಂಕವೂ ಅಷ್ಟೇ ಸರಿಯುತ್ತದೆ. ಶಬ್ದದಿಂದ ಬೆಳಕು ಹೀಗೆ ಚೆದರುವುದಕ್ಕೆ ಸಿದ್ಧಾಂತದ ತಳಹದಿ ಹಾಕಿದವರಲ್ಲಿ ಪ್ರಮುಖರು ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥರು. ಕಾಲ 1935-36, ಸ್ಥಳ ಬೆಂಗಳೂರು.

ಆ ಸಂಕೇತವನ್ನು ಹುಟ್ಟಿಸುವುದೆಂತು? ಭದ್ರಾವತಿ ಆಕಾಶವಾಣಿಯನ್ನು 675 ಕಿಲೋಹರ್ಟ್ಸ್‌ನಲ್ಲಿ ಹಿಡಿಯಲು ಮನೆಮನೆಯಲ್ಲಿ ಗುಂಡಿ ತಿರುಗಿಸುತ್ತಿದ್ದರು. ಪ್ರಯೋಗದಲ್ಲಾದರೋ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ ತರಂಗದ ಆವರ್ತಾಂಕ, ಎತ್ತರ, ಹೆಜ್ಜೆ ಮೂರೂ ಬದಲಾಗಬೇಕು. ಯಾವ ಕೈಗೂ ಇದು ಎಟುಕದು. ಆದುದರಿಂದ ತರಂಗವನ್ನು ಲೆಕ್ಕ ಹಾಕಿಯೇ ಕಟ್ಟುತ್ತಾರೆ. ಸೆಕೆಂಡಿಗೆ 100 ಕೋಟಿ ಸಲ ಮಿಡಿಯುವ ಗಡಿಯಾರದ ಪ್ರತಿ ಮಿಡಿತಕ್ಕೂ ಎಣಿಕೆಯಂತ್ರವು ನಿಗದಿಯಾದೊಂದು ಸಂಖ್ಯೆಯನ್ನು ಕೂಡಿಸಿಕೊಳ್ಳುತ್ತದೆ. ಆ ಮೊತ್ತಕ್ಕೆ ಸೈನ್ ಕೋಷ್ಟಕದಲ್ಲಿರುವ ಬೆಲೆಯು ವೋಲ್ಟೇಜಾಗಿ ಹೊರಬೀಳುತ್ತದೆ. ಎಣಿಕೆಯಂತ್ರವು 32 ಬಿಟ್ಟಿನದಾದರೆ ಆವರ್ತಾಂಕವನ್ನು ಕಾಲು ಹರ್ಟ್ಸಿಗಿಂತಲೂ ಕಡಿಮೆ ಅಂತರದಲ್ಲಿ ಸರಿಸಬಹುದು. ಸಂಖ್ಯೆ ಬದಲಾದರೆ ತರಂಗವೂ ಬದಲು! ಇಲ್ಲಿರುವುದು ಹತ್ತನೆಯ ತರಗತಿಯ ತ್ರಿಕೋನಮಿತಿಯೇ ಹೊರತು ಇಂದ್ರಜಾಲವಲ್ಲ.

ರಾಷ್ಟ್ರೀಯ ಕ್ವಾಂಟಂ ಯೋಜನೆಗೆ 2023ರಲ್ಲಿ ಕೇಂದ್ರ ಸರ್ಕಾರವು 6,003.65 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಹಣದಿಂದ ಯಂತ್ರಗಳನ್ನು ಕೊಂಡು ತರಬಹುದು. ಅದರ ಬೆನ್ನು ಬಿಚ್ಚಿ ದುರಸ್ತಿ ಮಾಡುವ, ಮತ್ತೊಂದನ್ನು ಕಟ್ಟುವ ಕೈ ಶಾಲೆಯಲ್ಲಿಯೇ ಪಳಗಬೇಕು. ನಮ್ಮ ಶಾಲೆಗಳಾದರೋ ಶೇಕಡಾವಾರು ಫಲಿತಾಂಶವನ್ನೇ ಎಣಿಸುತ್ತ ಕುಳಿತಿವೆ. ಬೆಸುಗೆ ಹಾಕುವುದಕ್ಕೆ ಅಂಕಗಳಿಲ್ಲ. ದಾನಿಗಳ ಔದಾರ್ಯವೂ ಬಹುಮಟ್ಟಿಗೆ ಕಟ್ಟಡಗಳತ್ತಲೇ ಹರಿಯುತ್ತದೆ. ಹೆಸರು ಕೆತ್ತಿಸಲು ಗೋಡೆಯಲ್ಲಿರುವಷ್ಟು ಜಾಗ ಆಸಿಲೋಸ್ಕೋಪಿನಲ್ಲಿ ಇಲ್ಲವೆಂಬುದೇನೋ ನಿಜ. ಆದರೂ ಒಂದು ಕೊಠಡಿಯ ವೆಚ್ಚದಲ್ಲಿ ಹಲವು ಶಾಲೆಗಳಿಗೆ ಅಂತಹ ಉಪಕರಣವನ್ನೂ ಅಗ್ಗದ ಗಣಕ ಫಲಕಗಳನ್ನೂ ಒದಗಿಸಬಹುದು. ವಾರಕ್ಕೆರಡು ಗಂಟೆ ಬಿಡುವಿತ್ತರೆ ಭೌತಶಾಸ್ತ್ರದ ಉಪಾಧ್ಯಾಯರು ಮಕ್ಕಳಿಂದಲೇ ಸೈನ್ ಕೋಷ್ಟಕವನ್ನು ಬರೆಯಿಸಿ, ಅದನ್ನು ಫಲಕಕ್ಕೆ ತುಂಬಿಸಿ, ಸಂಖ್ಯೆ ಬದಲಿಸಿದಂತೆ ಧ್ವನಿವರ್ಧಕದ ಸ್ವರವು ಏರಿಳಿಯುವುದನ್ನು ಕೇಳಿಸಬಲ್ಲರು.