ಹಾರ್ನ್ ಬದಲಿಸುವ ಮುನ್ನ ವೈರ್ ನೋಡಿ

ಹಳೆಯ ಮ್ಯಾಟಡೋರ್, ಟೆಂಪೊ ಟ್ರಾವೆಲರ್‌ಗಳ ಸೀಟು ತೆಗೆಸಿ, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕ್ ಕೂರಿಸಿ ಕ್ಯಾಂಪರ್ ವ್ಯಾನ್ ಮಾಡಿಕೊಂಡು ಊರೂರು ಸುತ್ತುವವರು ನಮ್ಮಲ್ಲೂ ಇದ್ದಾರೆ. ಇಂಥ ವ್ಯಾನಿನ ಹಾರ್ನ್ ಸದ್ದು ಕುಗ್ಗಿತೆಂದರೆ ಬಹಳಷ್ಟು ಮಂದಿ ಮೊದಲು ಓಡುವುದು ಬಿಡಿಭಾಗಗಳ ಅಂಗಡಿಗೆ. ಅಲ್ಲಿಂದ ಬರುವುದು ಇನ್ನೂ ಜೋರಾದ ಹಾರ್ನ್, ಕೆಲವೊಮ್ಮೆ ಏರ್ ಹಾರ್ನ್. ಇದು ಹಣಕ್ಕೂ ದಂಡ, ರಸ್ತೆಗೂ ಹಿಂಸೆ. ಹಳೆಯ ವಾಹನದಲ್ಲಿ ಎಷ್ಟೋ ಸಲ ಹಾರ್ನ್ ಸರಿಯಾಗಿಯೇ ಇರುತ್ತದೆ. ಬ್ಯಾಟರಿಯಿಂದ ಹೊರಟ ವೋಲ್ಟೇಜ್ ಪೂರ್ತಿಯಾಗಿ ಅದನ್ನು ತಲುಪಿರುವುದಿಲ್ಲ.

ಹಾರ್ನಿನೊಳಗೆ ಇರುವುದು ಒಂದು ಕಾಯಿಲ್, ಒಂದು ತೆಳು ಉಕ್ಕಿನ ತಟ್ಟೆ, ಒಂದು ಜೊತೆ ಪಾಯಿಂಟ್. ಕರೆಂಟ್ ಹರಿದಾಗ ಕಾಯಿಲ್ ತಟ್ಟೆಯನ್ನು ಎಳೆಯುತ್ತದೆ, ಪಾಯಿಂಟ್ ಬಿಡುತ್ತದೆ, ತಟ್ಟೆ ಹಿಂದಕ್ಕೆ ಬಂದು ಪಾಯಿಂಟ್ ಮತ್ತೆ ಕೂಡುತ್ತದೆ. ಸೆಕೆಂಡಿಗೆ ನೂರಾರು ಬಾರಿ ಹೀಗಾಗುವುದೇ ಹಾರ್ನಿನ ಸದ್ದು. 12 ವೋಲ್ಟಿನ ಸಾಮಾನ್ಯ ಹಾರ್ನ್ ಒಂದಕ್ಕೆ ಸುಮಾರು 4-5 ಆಂಪಿಯರ್ ಬೇಕು. ದಾರಿಯಲ್ಲಿ ಎಲ್ಲೋ ತುಕ್ಕು ಹಿಡಿದು ಬರೀ ಅರ್ಧ ಓಮ್ ತಡೆ ಹುಟ್ಟಿಕೊಂಡರೂ, 5 ಆಂಪಿಯರ್ ಹರಿಯುವಾಗ ಎರಡೂವರೆ ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಉಳಿದದ್ದರಲ್ಲಿ ತಟ್ಟೆ ಪೂರ್ತಿ ಬಲದಿಂದ ಅಲುಗುವುದಿಲ್ಲ. ಇಂಥ ತಡೆ ಹುಟ್ಟಲು ಹಳೆಯ ವ್ಯಾನಿನಲ್ಲಿ ಜಾಗಗಳಿಗೇನು ಕಡಿಮೆ? ಫ್ಯೂಸ್ ಬಾಕ್ಸಿನ ಹಿಡಿ, ಹಸಿರುಗಟ್ಟಿದ ಟರ್ಮಿನಲ್, ಸ್ಟೀರಿಂಗ್ ಒಳಗಿನ ಸವೆದ ಸ್ಲಿಪ್ ರಿಂಗ್, ಎಲ್ಲಕ್ಕಿಂತ ಹೆಚ್ಚಾಗಿ ಅರ್ತ್. ಎಷ್ಟೋ ಹಳೆಯ ವಾಹನಗಳಲ್ಲಿ ಹಾರ್ನ್ ಬಟನ್ ಇರುವುದೇ ಅರ್ತ್ ಕಡೆಗೆ. ಕರೆಂಟ್ ಸ್ಟೀರಿಂಗ್ ಕಂಬದ ಮೂಲಕ ಬಾಡಿಗೆ ಇಳಿಯಬೇಕು. ಕ್ಯಾಂಪರ್ ವ್ಯಾನ್ ತಿಂಗಳುಗಟ್ಟಲೆ ನಿಂತಲ್ಲೇ ನಿಂತಿರುವುದೂ ಉಂಟು. ಮಲೆನಾಡಿನ ಮಳೆಗಾಲವೋ ಕರಾವಳಿಯ ಉಪ್ಪುಗಾಳಿಯೋ ಆ ಬಿಡುವನ್ನು ಸುಮ್ಮನೆ ಕಳೆಯುವುದಿಲ್ಲ.

ಪರೀಕ್ಷೆ ಕಷ್ಟದ್ದಲ್ಲ. ಹಾರ್ನಿನ ವೈರ್‌ಗಳನ್ನು ಕಳಚಿ, ನಡುವೆ ಫ್ಯೂಸ್ ಇರುವ ದಪ್ಪ ವೈರಿನಿಂದ ಬ್ಯಾಟರಿಗೆ ನೇರ ಕೊಟ್ಟಾಗ ಅದು ಗಟ್ಟಿಯಾಗಿ ಕೂಗಿದರೆ ಹಾರ್ನಿನದೇನೂ ತಪ್ಪಿಲ್ಲ. ಆಮೇಲೆ ಹಳೆಯ ವೈರ್ ಸೇರಿಸಿ, ಬಟನ್ ಒತ್ತಿಕೊಂಡೇ ಹಾರ್ನಿನ ಎರಡು ತುದಿಗಳ ನಡುವೆ ಮಲ್ಟಿಮೀಟರ್ ಹಿಡಿಯಬೇಕು. ಬಟನ್ ಒತ್ತದೆ ನೋಡಿದರೆ ಕರೆಂಟೇ ಹರಿಯದ್ದರಿಂದ ನಷ್ಟ ಕಾಣುವುದಿಲ್ಲ. ಅನುಭವಿಗಳೂ ಮೋಸಹೋಗುವುದು ಇಲ್ಲಿಯೇ. ಒತ್ತಿದಾಗ ಬ್ಯಾಟರಿಯಲ್ಲಿ 12 ಇದ್ದು ಹಾರ್ನಿನಲ್ಲಿ 9 ಬಂದರೆ ದೋಷ ವೈರಿಂಗಿನದು. ಹಾರ್ನಿನ ಹಿಂದಿನ ಸ್ಕ್ರೂ ತಿರುಗಿಸಿ ಸದ್ದು ಹೆಚ್ಚಿಸಲು ಹೋಗುವುದು ಈ ಹಂತಕ್ಕೆ ಮೊದಲು ಬೇಡವೇ ಬೇಡ. ಅದು ರೋಗವನ್ನು ಮುಚ್ಚಿಟ್ಟು ಪಾಯಿಂಟ್ ಸುಡುವ ದಾರಿ.

ಹೊಸ ಹಾರ್ನಿನ ಬೆಲೆಗಿಂತ ಎಲೆಕ್ಟ್ರಿಷಿಯನ್‌ನ ಕೂಲಿಯೇ ಹೆಚ್ಚಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ಲೆಕ್ಕ ನಿಜವಿರಬಹುದು. ಆದರೆ ಸೊರಗಿದ ವೈರಿಗೆ ಸೇರಿಸಿದ ಹೊಸ ಹಾರ್ನೂ ಸೊರಗಿಯೇ ಕೂಗುತ್ತದೆ. ಹೆಚ್ಚು ಕರೆಂಟ್ ಎಳೆಯುವ ಹಾರ್ನ್ ಆದರಂತೂ ಅದೇ ತುಕ್ಕಿನ ಕೂಡುಗಳು ಬಿಸಿಯೇರುತ್ತವೆ. ಪ್ಲೈವುಡ್, ಹಾಸಿಗೆ, ಪರದೆ, ಗ್ಯಾಸ್ ಸಿಲಿಂಡರ್ ತುಂಬಿಕೊಂಡು, ರಾತ್ರಿ ಅದರೊಳಗೇ ಮಲಗುವ ವಾಹನದಲ್ಲಿ ಬಿಸಿಯಾಗುವ ವೈರನ್ನು ಉಳಿಸಿಕೊಳ್ಳುವುದು ಅಪಾಯ. ಇನ್ನು ಕೆಲವರು ರಿಲೇ ಹಾಕಿದರೆ ಸಾಕೆನ್ನುತ್ತಾರೆ. ರಿಲೇ ಒಳ್ಳೆಯದೇ, ಬಟನ್ ಮತ್ತು ಸ್ಟೀರಿಂಗ್ ಮೂಲಕ ಹರಿಯುವ ಭಾರವನ್ನು ಅದು ತೀರಾ ಇಳಿಸುತ್ತದೆ. ಬ್ಯಾಟರಿಯಿಂದ ಫ್ಯೂಸ್ ಸಮೇತ ಹೊಸ ವೈರ್ ಎಳೆದು, ಹಾರ್ನಿನ ಅರ್ತ್ ಜಾಗವನ್ನು ಉಜ್ಜಿ ಹೊಳಪು ಬರಿಸಿದರೆ ಮಾತ್ರ ಅದರ ಫಲ ಸಿಗುತ್ತದೆ.

ನಮ್ಮ ಟ್ರಾಫಿಕ್ಕಿನಲ್ಲಿ ಸಾಧಾರಣ ಹಾರ್ನ್ ಯಾರಿಗೂ ಕೇಳಿಸದು ಎಂಬ ಮಾತೂ ಇದೆ. ಅದಕ್ಕೇ ಪ್ರತಿಯೊಬ್ಬರೂ ಸದ್ದು ಏರಿಸುತ್ತ ಹೋದರೆ ಯಾರದ್ದೂ ಕೇಳಿಸದ ಸ್ಥಿತಿ ಬರುತ್ತದೆ, ಬಂದೂ ಆಗಿದೆ. ಕರ್ಕಶವಾದ, ಬೆಚ್ಚಿಬೀಳಿಸುವ ಹಾರ್ನುಗಳನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ನಿಷೇಧಿಸಿದೆ. ಹಾಗೆಂದು ಹಾರ್ನೇ ಬೇಡವೆನ್ನುವುದೂ ಸಲ್ಲದು. ಆಗುಂಬೆ, ಚಾರ್ಮಾಡಿಯ ತಿರುವಿನಲ್ಲಿ ಎದುರಿಂದ ಬರುವ ಬಸ್ಸಿಗೆ ಈ ವ್ಯಾನ್ ಕಾಣುವ ಮೊದಲು ಕೇಳಿಸಬೇಕು. 15 ವರ್ಷ ದಾಟಿದ ಖಾಸಗಿ ವಾಹನದ ನೋಂದಣಿ ನವೀಕರಿಸುವಾಗ ಆರ್‌ಟಿಒ ತಪಾಸಣೆ ಹೇಗೂ ಇದೆ. ಹಾರ್ನ್ ಕೂಗುತ್ತದೋ ಇಲ್ಲವೋ ಎಂದಷ್ಟೇ ನೋಡಿ ಕಳಿಸುವ ಬದಲು, ಬಟನ್ ಒತ್ತಿದಾಗ ಹಾರ್ನಿಗೆ ಎಷ್ಟು ವೋಲ್ಟ್ ತಲುಪುತ್ತಿದೆ ಎಂಬುದನ್ನೂ ಅಲ್ಲಿ ಅಳೆದು ದಾಖಲಿಸಲಿ. ಒಂದು ಮಲ್ಟಿಮೀಟರ್, ಎರಡು ನಿಮಿಷ ಇದ್ದರೆ ಆಗುವ ಕೆಲಸ ಇದು.