ಅಂಗಳದ ದಾಸವಾಳವೂ ಅಂತರ್ಜಾಲದ ಪಾಠವೂ

ಜೀವವಿಜ್ಞಾನವು ಕೇವಲ ಕಂಠಪಾಠದಿಂದ ಒಲಿಯುವ ವಿದ್ಯೆಯಲ್ಲ. ಪುಷ್ಪಪತ್ರ, ದಳ, ಕೇಸರ, ಶಲಾಕೆ ಎಂದು ತಡವರಿಸದೆ ಒಪ್ಪಿಸುವ ಮಗುವಿನ ಕೈಗೆ ದಾಸವಾಳವನ್ನಿತ್ತು, ಅಂಡಾಶಯವೆಲ್ಲಿದೆಯೆಂದು ಕೇಳಿದರೆ, ಅನೇಕ ವೇಳೆ ಮೌನವೇ ಉತ್ತರವಾಗುತ್ತದೆ. ಈ ಕೊರತೆಯನ್ನು ಅಂತರ್ಜಾಲದ ಪಾಠಗಳು ಎಷ್ಟರಮಟ್ಟಿಗೆ ನೀಗಬಲ್ಲವೆಂಬುದನ್ನು ಈ ಸಲ ವಿಚಾರಿಸೋಣ.

ನಮ್ಮ ನಾಡಿನಲ್ಲಿ ಈ ಕಾರ್ಯ ಹೊಸದೇನಲ್ಲ. ರಾಜ್ಯದ ಡಿ.ಎಸ್.ಇ.ಆರ್.ಟಿ.ಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡಗೂಡಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ತಾಣವನ್ನು ರೂಪಿಸಿತು. ಶಿಕ್ಷಕರೇ ಕನ್ನಡದಲ್ಲಿ ಪಾಠಗಳನ್ನು ಸಿದ್ಧಪಡಿಸುವುದು ಅದರ ವೈಶಿಷ್ಟ್ಯ. 2017ರಲ್ಲಿ ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆ ಬಂದಿತು. ಪಠ್ಯಪುಸ್ತಕದ ಕ್ಯೂಆರ್ ಸಂಕೇತದ ಮೂಲಕ ಮಕ್ಕಳು ಅದರೊಳಗಿನ ಪಾಠಗಳನ್ನು ತಲುಪುವಂತಾಯಿತು.

ಆದರೆ ಚಲಿಸುವ ಚಿತ್ರವನ್ನು ಸುಮ್ಮನೆ ನೋಡುವುದೇ ಕಲಿಕೆಯಲ್ಲ. ಮಗು ತೆರೆಯ ಮೇಲಿನ ಹೂವನ್ನು ತಾನೇ ಬಿಡಿಸಬೇಕು, ಭಾಗಗಳಿಗೆ ಹೆಸರನ್ನಿಡಬೇಕು, ತಪ್ಪಿದರೆ ಏಕೆ ತಪ್ಪಿತೆಂಬುದು ಒಡನೆಯೇ ತಿಳಿಯಬೇಕು. ಪರಾಗನಳಿಕೆಯು ಶಲಾಕೆಯೊಳಗೆ ಇಳಿದು ಅಂಡಾಣುವನ್ನು ಸೇರುವ ಬಗೆ ಬರಿಗಣ್ಣಿಗೆ ಕಾಣದು. ಅಂಥಲ್ಲಿ ತೆರೆಯ ಉಪಕಾರ ನಿಜವಾಗಿಯೂ ದೊಡ್ಡದು. ಪಾಠದ ಪರಿಭಾಷೆಯು ಪಠ್ಯಪುಸ್ತಕದ ಪರಿಭಾಷೆಯೇ ಆಗಿರಬೇಕು. ಇಲ್ಲವಾದರೆ ಕನ್ನಡ ಮಾಧ್ಯಮದ ಮಗು ಎರಡು ಹೊರೆಗಳನ್ನು ಹೊತ್ತಂತಾಗುತ್ತದೆ.

2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ, ಒಂದೇ ಫೋನನ್ನು ಅಣ್ಣತಂಗಿಯರು ಸರದಿಯಲ್ಲಿ ಹಿಡಿದು ಕಲಿತ ಮನೆಗಳೆಷ್ಟೋ! ಆದುದರಿಂದ ಒಮ್ಮೆ ಇಳಿಸಿಕೊಂಡರೆ ಸಂಪರ್ಕವಿಲ್ಲದೆಯೂ ನಡೆಯುವ, ಅಗ್ಗದ ಫೋನಿನಲ್ಲಿಯೂ ತೆರೆಯುವ ಹಗುರವಾದ ಪಾಠಗಳೇ ಬೇಕು. ಉಳ್ಳವರ ಮಕ್ಕಳಿಗೆ ಮಾತ್ರ ದೊರೆಯುವ ಸಾಧನವು ಅಂತರವನ್ನು ಹಿಗ್ಗಿಸೀತೇ ಹೊರತು ಕುಗ್ಗಿಸದು.

ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿ ಗಿಡಗಳ ಪರಿಚಯ ಮಾಡಿಸಿದ ಅನುಭವಗಳೇ 'ಹಸುರು ಹೊನ್ನು' ಆಯಿತು. ಅದಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಗಿಡದ ಬಳಿಗೆ ಹೋಗಿ ಕಲಿಯುವ ಆ ದಾರಿಯನ್ನು ಯಾವ ಯಂತ್ರವೂ ಬದಲಿಸಲಾರದು. ಬಸವನಗುಡಿಯ ಮಗ್ಗುಲಲ್ಲೇ 240 ಎಕರೆಯ ಲಾಲ್‌ಬಾಗ್ ಇರುವಾಗ ನಮ್ಮ ಮಕ್ಕಳು ಮರವನ್ನು ತೆರೆಯ ಮೇಲಷ್ಟೇ ಕಂಡರೆ ಅದು ನಮಗೆ ಶೋಭೆಯಲ್ಲ.

ತಾಯಿತಂದೆಯರಲ್ಲಿ ನಮ್ಮ ಅರಿಕೆಯಿಷ್ಟೆ: ಮೊದಲು ಹೂವನ್ನು ಕೈಗೆ ಕೊಡಿ, ಬಳಿಕ ಫೋನನ್ನು ಕೊಡಿ. ಕಣ್ಣಿಗೆ ಕಂಡದ್ದನ್ನು ಹೂವಿನಿಂದಲೂ, ಕಾಣದ್ದನ್ನು ತೆರೆಯಿಂದಲೂ ಕಲಿತ ಮಗುವಿನ ಅರಿವು ಪರೀಕ್ಷೆ ಮುಗಿದ ಮೇಲೂ ಉಳಿಯುತ್ತದೆ.