ಧಾರವಾಡಕ್ಕೆ ಬಂದ ಐಐಟಿ, ಹುಲಗೂರಿಗೆ ಇನ್ನೂ ದೂರ

1997ರಲ್ಲಿ ಹಳೇ ಧಾರವಾಡ ಜಿಲ್ಲೆ ಒಡೆದಾಗ ಶಿಗ್ಗಾಂವಿ ತಾಲ್ಲೂಕಿನ ಹುಲಗೂರು ಹಾವೇರಿಗೆ ಸೇರಿತು. ಆದರೂ ದೊಡ್ಡ ಕಾಲೇಜು, ದೊಡ್ಡ ದವಾಖಾನೆ ಎಂದರೆ ಅಲ್ಲಿಯವರ ಕಣ್ಣು ಹುಬ್ಬಳ್ಳಿ-ಧಾರವಾಡದ ಮೇಲೆಯೇ. 2016ರಲ್ಲಿ ಆ ಧಾರವಾಡಕ್ಕೇ ಐಐಟಿ ಬಂತು. ರಾಯಚೂರೂ ಅದಕ್ಕಾಗಿ ಹೋರಾಡಿತ್ತು. ಜಲ-ನೆಲ ನಿರ್ವಹಣಾ ಸಂಸ್ಥೆಯಾದ ವಾಲ್ಮಿಯ ಆವರಣದಲ್ಲಿ ಮೂರು ವಿಭಾಗ, 120 ಸೀಟಿನೊಂದಿಗೆ ಪಾಠ ಶುರುವಾಯಿತು. ಚಿಕ್ಕಮಲ್ಲಿಗವಾಡದ ಬಳಿ ರಾಜ್ಯ ಸರ್ಕಾರ ಕೊಟ್ಟ ಸುಮಾರು 470 ಎಕರೆಯಲ್ಲಿ ಎದ್ದ ಕ್ಯಾಂಪಸ್ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು.

ಕರ್ನಾಟಕಕ್ಕೆ ಇಂಥ ಸಂಸ್ಥೆ ಹೊಸದಲ್ಲ. ಸಂಸದ ಯು. ಶ್ರೀನಿವಾಸ ಮಲ್ಯರ ಪ್ರಯತ್ನದಿಂದ 1960ರಲ್ಲೇ ಸುರತ್ಕಲ್ಲಿನ ಕಡಲ ದಂಡೆಯಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು, ಅಂದರೆ ಕೆಆರ್‌ಇಸಿ ಹುಟ್ಟಿತ್ತು. ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜುಗಳ ಕರಾರು ನೇರವಾಗಿತ್ತು: ಕೇಂದ್ರವೂ ರಾಜ್ಯವೂ ಖರ್ಚು ಹಂಚಿಕೊಳ್ಳಬೇಕು, ಅರ್ಧ ಸೀಟು ರಾಜ್ಯದ ಮಕ್ಕಳಿಗೆ, ಉಳಿದರ್ಧ ಹೊರಗಿನವರಿಗೆ. 2002ರಲ್ಲಿ ಸುರತ್ಕಲ್ಲಿನ ಕಾಲೇಜು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಅಂದರೆ ಎನ್‌ಐಟಿಕೆ ಆಯಿತು. ಅರ್ಧ ಸೀಟಿನ ಪಾಲು ಇಂದಿಗೂ ಉಳಿದಿದೆ.

ಐಐಟಿಯಲ್ಲಿ ಆ ಪಾಲಿಲ್ಲ. ಇರಬೇಕೆಂದೂ ಅಲ್ಲ, ದೇಶಕ್ಕೆಲ್ಲ ಒಂದೇ ಸಾಲು ಎಂಬುದು ಒಪ್ಪತಕ್ಕ ಮಾತೇ. ಆದರೆ ಆ ಸಾಲಿಗೆ ನಿಲ್ಲಿಸುವ ಪರೀಕ್ಷೆ ಎಲ್ಲರಿಗೂ ಒಂದೇ ಆಗಿದೆಯೇ?

ಪ್ರವೇಶ ಪರೀಕ್ಷೆಯ ಮೊದಲ ಹಂತವಾದ ಜೆಇಇ ಮೇನ್ 2021ರಿಂದ ಕನ್ನಡವೂ ಸೇರಿ 13 ಭಾಷೆಗಳಲ್ಲಿದೆ. ಅಲ್ಲಿ ಮುಂದೆ ಬಂದ ಸುಮಾರು ಎರಡೂವರೆ ಲಕ್ಷ ಮಂದಿ ಎರಡನೇ ಹಂತವಾದ ಜೆಇಇ ಅಡ್ವಾನ್ಸ್ಡ್‌ಗೆ ಕೂತರೆ ಕನ್ನಡ ಮಾಯ, ಇರುವುದು ಇಂಗ್ಲಿಷ್, ಹಿಂದಿ ಮಾತ್ರ. ಒಂದೇ ದಿನ ಮೂರು ಮೂರು ತಾಸಿನ ಎರಡು ಪತ್ರಿಕೆ. ಇಳಿಜಾರಿನಲ್ಲಿ ಉರುಳುವ ಸಿಲಿಂಡರಿನ ಲೆಕ್ಕ ಹತ್ತು ಸಾಲು ಹಿಡಿದಿರುತ್ತದೆ. ಹತ್ತನೆಯವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಹುಲಗೂರಿನ ಹುಡುಗಿ ಮೊದಲು ಇಂಗ್ಲಿಷ್ ಬಿಡಿಸಿಕೊಳ್ಳಬೇಕು, ಆಮೇಲೆ ಲೆಕ್ಕ. ಬಿಹಾರದ ಹಳ್ಳಿಯ ಹುಡುಗ ಅದೇ ಪ್ರಶ್ನೆಯನ್ನು ಹಿಂದಿಯಲ್ಲಿ ಓದಿ ಮುಂದಕ್ಕೆ ಹೋಗಿರುತ್ತಾನೆ.

ಒಳಗೆ ಪಾಠವೆಲ್ಲ ಇಂಗ್ಲಿಷಿನಲ್ಲೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಹಿಂದಿಯಲ್ಲಿ ಬರೆದು ಒಳಗೆ ಹೋದವರಿಗೂ ಅದೇ ಇಂಗ್ಲಿಷ್ ಪಾಠ. ಅವರು ಕಲಿತುಕೊಳ್ಳುವುದಾದರೆ ಕನ್ನಡದವರೂ ಕಲಿತಾರು. ಅನುವಾದದಲ್ಲಿ ತಪ್ಪು ನುಸುಳುತ್ತದೆಂಬ ಅಳುಕಿಗೆ ಅರ್ಥವಿದೆ, ಆದರೆ ಮೇನ್‌ನ ಪತ್ರಿಕೆ ಕನ್ನಡಕ್ಕೆ ಬರುತ್ತಲೇ ಇದೆಯಲ್ಲ.

ಜಾಗ ಕೊಟ್ಟ ರಾಜ್ಯ ಸರ್ಕಾರ, ಅಡ್ವಾನ್ಸ್ಡ್ ಪತ್ರಿಕೆ ಕನ್ನಡದಲ್ಲೂ ಇರಲಿ ಎಂಬ ಬೇಡಿಕೆಯನ್ನು ದೆಹಲಿಗೆ ಬರೆದು ತಿಳಿಸಬೇಕು. ಐಐಟಿಗಳ ಜಂಟಿ ಪ್ರವೇಶ ಮಂಡಳಿಯಲ್ಲಿ ಮೊದಲು ದನಿ ಎತ್ತಬೇಕಾದದ್ದು ಧಾರವಾಡದ ಐಐಟಿಯೇ.